ಹುಲಿಯುಗುರಿಗೆ ಮೆರವಣಿಗೆ, ಬುರುಡೆಗೆ ಹರಾಜು
ಖಾರಘರದ ನಮ್ಮ ಸೊಸೈಟಿಯ ಹುಡುಗಿಯೊಬ್ಬಳು ಈ ವಾರ ಕೆಳಗಿಡದೆ ಓದಿದ್ದು ಆಂಜೆಲಿನ್ ಬೂಲಿಯವರ 2023ರ ಕಾದಂಬರಿ ‘ವಾರಿಯರ್ ಗರ್ಲ್ ಅನ್‌ಅರ್ಥ್ಡ್’: ವಿಶ್ವವಿದ್ಯಾಲಯದ ವಶದಲ್ಲಿರುವ ಹಿರಿಯರ ಅಸ್ಥಿಗಳನ್ನು ಬಿಡಿಸಿ ತರಲು ಹೊರಟ ಓಜಿಬ್ವೆ ಮೂಲನಿವಾಸಿ ಹುಡುಗಿ ಪೆರಿಯ ಕಥೆ. ಅಮೆರಿಕದ ಮಾತು ನಮಗೇಕೆ ಎನ್ನಬೇಡಿ. 2024ರ ಜುಲೈನಲ್ಲಿ ಶಿವಾಜಿಯದೆನ್ನುವ ಹುಲಿಯುಗುರಿನಂಥ ಆಯುಧ ವ್ಯಾಘ್ರನಖ ಲಂಡನ್ನಿನಿಂದ ಎರವಲಾಗಿ ಬಂದಾಗ ಸಾತಾರಾದಲ್ಲಿ ಹಬ್ಬವೇ ನಡೆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಆಕ್ಸ್‌ಫರ್ಡ್‌ಶೈರಿನ ಹರಾಜಿನಲ್ಲಿ ಕೊಂಬು ಕಟ್ಟಿದ ನಾಗಾ ಬುರುಡೆಯೊಂದಕ್ಕೆ 3,500 ಪೌಂಡಿನಿಂದ ಮೇಲೆ ಬೆಲೆ ಕಟ್ಟಿದ್ದರು! ನಾಗಾಲ್ಯಾಂಡ್ ಸಿಡಿದೆದ್ದ ಮೇಲೆ ಹಿಂತೆಗೆದರು. ಆ ಸಿಟ್ಟು ನಮ್ಮದೂ ಆಗಬೇಕಿತ್ತು. ರಾಜನ ಆಯುಧಕ್ಕೆ ಸಿಕ್ಕ ಗೌರವ ಹೆಸರಿಲ್ಲದ ಯಾರದೋ ಅಜ್ಜನ ತಲೆಗೂ ಸಲ್ಲಬೇಕು. ನಾಗಾ ಅಸ್ಥಿಗಳ ಮರಳಿಕೆಯನ್ನೇ ಚಿತ್ರಕಾದಂಬರಿಯಾಗಿಸಿದ ‘ಎ ಪಾತ್ ಹೋಮ್’ ಪುಸ್ತಕ ಇದೆ. ಅದನ್ನು ಯಾರಾದರೂ ಕನ್ನಡಕ್ಕೆ ತರಲಿ, ಇಲ್ಲಿನ ನಮ್ಮ ಮಕ್ಕಳಿಗೂ ಸಿಗಲಿ.