ತಕ್ಕಡಿ ಇಲ್ಲದ ಗ್ಯಾಸ್ ವ್ಯಾಪಾರ

ಕೋಗಿಲು ಕ್ರಾಸಿನ ಲೈಟ್ ಕಂಬಗಳಿಗೆ ವರ್ಷಕ್ಕೆ ಎರಡು ಸಲ ಹೊಸ ಅಂಗಿ. ಮೇ ಕೊನೆಗೆ ಟ್ಯೂಷನ್ ಚೀಟಿ, ಫೆಬ್ರವರಿ ಕೊನೆಗೆ ಎ.ಸಿ. ರಿಪೇರಿ ಚೀಟಿ. ಬಳ್ಳಾರಿ ರಸ್ತೆಯಲ್ಲಿ ಬಸ್ಸಿಗೆ ಕಾಯುವವರು ಬೇಕಾದರೆ ಎಣಿಸಿ ನೋಡಬಹುದು, ಹೇಗೂ ಬಸ್ಸು ಬರುವುದು ತಡ. ಚೀಟಿಯಲ್ಲಿ ಹೆಸರಿಲ್ಲ, ಅಂಗಡಿಯಿಲ್ಲ, ವಿಳಾಸವಿಲ್ಲ. ಮೊಬೈಲ್ ನಂಬರ್ ಒಂದೇ. ಗ್ಯಾಸ್ ಫಿಲ್ಲಿಂಗ್, ಫ್ರಿಡ್ಜ್, ಗೀಸರ್, ಎಲ್ಲಕ್ಕೂ ಅದೇ ನಂಬರ್, ಅರ್ಧ ಗಂಟೆಯಲ್ಲಿ ಮನೆ ಬಾಗಿಲಿಗೆ. ಅರ್ಧ ಗಂಟೆಯಲ್ಲಿ ಬರುವುದೇನೋ ನಿಜ. ಬಂದವನು ಯಾರು, ಎಲ್ಲಿ ಕೆಲಸ ಕಲಿತ, ನಾಳೆ ಮತ್ತೆ ಸಿಗುತ್ತಾನೋ ಇಲ್ಲವೋ ಎಂಬುದು ಮಾತ್ರ ಆ ಭಗವಂತನಿಗೇ ಗೊತ್ತು.

"ಬೆಂಗಳೂರಿಗೆ ಎ.ಸಿ. ಯಾಕ್ರೀ?" ಎಂದು ಯಲಹಂಕದ ಹಳಬರು ಈಗಲೂ ಕೇಳುತ್ತಾರೆ. ಕೇಳಲಿ, ಅವರದು ತಪ್ಪಲ್ಲ. ಸಮುದ್ರ ಮಟ್ಟಕ್ಕಿಂತ 900 ಮೀಟರ್ ಎತ್ತರದಲ್ಲಿರುವ ಊರು. ಹೆಂಚಿನ ಮನೆ, ಮದ್ರಾಸ್ ತಾರಸಿ, ಹಿತ್ತಲಲ್ಲೊಂದು ಮರ ಇದ್ದ ಕಾಲದಲ್ಲಿ ಫ್ಯಾನು ಕೂಡ ನೆಂಟರು ಬಂದಾಗ ಮಾತ್ರ ತಿರುಗುತ್ತಿತ್ತು. 1884ರ ಜನವರಿ 13ರಂದು ಬೆಂಗಳೂರಿನಲ್ಲಿ 7.8 ಡಿಗ್ರಿ ಚಳಿ ದಾಖಲಾಗಿದ್ದು, ಆ ದಾಖಲೆಯನ್ನು ಇನ್ನೂ ಯಾವ ಚಳಿಗಾಲವೂ ಮುರಿದಿಲ್ಲ. ಬಿಸಿಲಿನ ದಾಖಲೆ ಹಾಗಲ್ಲ. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ. 2024ರ ಏಪ್ರಿಲ್ 28ರಂದು 38.5 ಡಿಗ್ರಿ. ಆ ಏಪ್ರಿಲ್ ಪೂರ್ತಿ ಮಳೆಯೆಂಬುದು ಲೆಕ್ಕಕ್ಕೇ ಸಿಗಲಿಲ್ಲ. ಬೋರ್‌ವೆಲ್ ಬತ್ತಿ ನೀರಿನ ಟ್ಯಾಂಕರ್ ಹಿಂದೆ ಓಡಿದ್ದನ್ನು ಈ ಭಾಗದ ಜನ ಅಷ್ಟು ಬೇಗ ಮರೆಯುವವರಲ್ಲ.

ಅದಕ್ಕಿಂತ ಹೆಚ್ಚಾಗಿ ಬದಲಾಗಿದ್ದು ತಲೆ ಮೇಲಿನ ಸೂರು. ಕೋಗಿಲು ಮುಖ್ಯರಸ್ತೆಯಿಂದ ಬೆಳ್ಳಳ್ಳಿ ಕಡೆಗೆ ಹೋಗುತ್ತಾ ಎಡಕ್ಕೆ ಬಲಕ್ಕೆ ಕಣ್ಣು ಹಾಯಿಸಿದರೆ ಕಾಣುವುದು 30-40 ಸೈಟಿನಲ್ಲಿ ಮೂರು ಅಂತಸ್ತು, ಮೇಲೊಂದು ಶೀಟಿನ ಮನೆ. ಗೋಡೆಗೆ ಗೋಡೆ ತಾಗಿದೆ, ಕಿಟಕಿ ಪಕ್ಕದ ಮನೆಯ ಗೋಡೆ ನೋಡುತ್ತದೆ. ಹಗಲಿಡೀ ಕಾದ ಕಾಂಕ್ರೀಟು ರಾತ್ರಿ ಹನ್ನೊಂದಾದರೂ ಶಾಖ ಬಿಡುತ್ತಲೇ ಇರುತ್ತದೆ. ಮೇಲಿನ ಮನೆಯಲ್ಲಿ ಬಾಡಿಗೆಗಿರುವ ಬಾಣಂತಿ, ಬಿ.ಪಿ. ಮಾತ್ರೆ ನುಂಗುವ ಮುದುಕಪ್ಪ, ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವ ಹುಡುಗ ಇವರಿಗೆ ಎ.ಸಿ. ಶೋಕಿಯ ವಸ್ತುವಲ್ಲ. 2025ರ ಸೆಪ್ಟೆಂಬರ್ 22ರಿಂದ ಎ.ಸಿ. ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಕಂತಿನ ಸಾಲ ಕೊಡುವವರು ಅಂಗಡಿಯಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಕೊಳ್ಳುವುದು ಸುಲಭ. ಕೊಂಡ ಮೇಲಿನ ಕತೆಯೇ ಬೇರೆ.

ಆ ಕತೆ ಹೀಗೆ. ಎರಡು ಬೇಸಿಗೆ ಚೆನ್ನಾಗಿ ಓಡಿದ ಎ.ಸಿ. ಮೂರನೇ ಬೇಸಿಗೆಗೆ ತಣ್ಣಗೆ ಗಾಳಿ ಬಿಡುವುದಿಲ್ಲ. ಕಂಪನಿಗೆ ಫೋನ್ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ, ಆಮೇಲೆ ನಾಲ್ಕು ದಿನ ತಡೀರಿ. ಮನೆಯಲ್ಲಿ ಮಗು ಅಳುತ್ತಿದೆ, ನಾಲ್ಕು ದಿನ ತಡೆಯುವವರು ಯಾರು? ಕಂಬದ ನಂಬರಿಗೆ ಫೋನ್ ಹೋಗುತ್ತದೆ. ಬೆನ್ನಿಗೊಂದು ಚೀಲ ಹಾಕಿಕೊಂಡ ಹುಡುಗ ಬೈಕಿನಲ್ಲಿ ಬರುತ್ತಾನೆ. ಮುಚ್ಚಳ ತೆಗೆದು, ಹೊರಗಿನ ಯೂನಿಟ್ಟಿಗೊಂದು ಗಡಿಯಾರದಂಥ ಮೀಟರ್ ಸಿಕ್ಕಿಸಿ, ಮುಖ ಸಪ್ಪಗೆ ಮಾಡಿ ಹೇಳುತ್ತಾನೆ: "ಗ್ಯಾಸ್ ಖಾಲಿ ಆಗಿದೆ ಸಾರ್." ಎರಡೂವರೆ ಸಾವಿರ, ಮೂರು ಸಾವಿರ. ಹತ್ತು ನಿಮಿಷ ಬುಸ್ ಎಂಬ ಸದ್ದು. ತಣ್ಣಗಾಯಿತು, ದುಡ್ಡು ಹೋಯಿತು. ರಸೀದಿ ಕೇಳಿದರೆ ವಾಟ್ಸ್ಯಾಪಿನಲ್ಲಿ ಕಳಿಸ್ತೀನಿ ಅಂತಾನೆ. ಮುಂದಿನ ಮಾರ್ಚಿನಲ್ಲಿ ಮತ್ತೆ ಅದೇ ಹಾಡು, ಬೇರೆ ಹುಡುಗ.

ಇಲ್ಲೊಂದು ಮಾತು ಬಿಡಿಸಿ ಹೇಳಬೇಕು. ಎ.ಸಿ.ಯ ಗ್ಯಾಸ್ ಸ್ಕೂಟರಿನ ಪೆಟ್ರೋಲಿನಂತೆ ಉರಿದು ಖರ್ಚಾಗುವ ವಸ್ತುವಲ್ಲ. ಅದು ಮೈಯೊಳಗಿನ ರಕ್ತದ ಹಾಗೆ. ತಾಮ್ರದ ಕೊಳವೆಯೊಳಗೆ ಸುತ್ತುತ್ತಲೇ ಇರುತ್ತದೆ. ಒಳಗೆ ಆವಿಯಾಗಿ ಕೋಣೆಯ ಶಾಖ ಹೀರುತ್ತದೆ, ಹೊರಗೆ ದ್ರವವಾಗಿ ಆ ಶಾಖವನ್ನು ಬೀದಿಗೆ ಬಿಡುತ್ತದೆ. ಕೊಳವೆ ಗಟ್ಟಿ ಇದ್ದರೆ ಹತ್ತು ವರ್ಷವಾದರೂ ಒಂದು ತೊಲ ಕಡಿಮೆಯಾಗಬೇಕಾದ ಕಾರಣವಿಲ್ಲ. ಗ್ಯಾಸ್ ಕಡಿಮೆಯಾಗಿದೆ ಎಂದರೆ ಎಲ್ಲೋ ತೂತಾಗಿದೆ ಎಂದೇ ಅರ್ಥ. ತೂತು ಮುಚ್ಚದೆ ಗ್ಯಾಸ್ ತುಂಬುವುದೆಂದರೆ ಒಡೆದ ಕೊಡಕ್ಕೆ ನೀರು ಹೊಯ್ದು ದುಡ್ಡು ಕೇಳಿದ ಹಾಗೆ.

ಎಷ್ಟೋ ಸಲ ಗ್ಯಾಸ್ ಹೋಗಿರುವುದೂ ಇಲ್ಲ. ಕೋಗಿಲು ರಸ್ತೆಯ ಧೂಳು ಯಾರಿಗೆ ಗೊತ್ತಿಲ್ಲ? ಬೆಳಿಗ್ಗೆ ಒರೆಸಿದ ಅಂಗಡಿ ಗಾಜಿನ ಮೇಲೆ ಮಧ್ಯಾಹ್ನಕ್ಕೆ ಹೆಸರು ಬರೆಯಬಹುದು. ಅದೇ ಧೂಳು ಎ.ಸಿ.ಯ ಜಾಲರಿಗೆ ಮೆತ್ತಿಕೊಂಡರೆ ಗಾಳಿ ಹಾಯುವುದೆಲ್ಲಿಂದ, ತಣ್ಣಗಾಗುವುದೆಲ್ಲಿಂದ? ಜಾಲರಿಯನ್ನು ಮನೆಯವರೇ ತೆಗೆದು ಹದಿನೈದು ದಿನಕ್ಕೊಮ್ಮೆ ನಲ್ಲಿ ಕೆಳಗೆ ಹಿಡಿದು ತೊಳೆದರೆ ಸಾಕು. ಕಾಸು ಖರ್ಚಿಲ್ಲದ ಈ ಕೆಲಸಕ್ಕೆ ಮೂರು ಸಾವಿರ ತೆತ್ತವರು ಈ ಏರಿಯಾದಲ್ಲಿ ಕಡಿಮೆಯೇನಿಲ್ಲ.

ಈಗ ಅಂಗಡಿಯವರು ಸ್ವಲ್ಪ ಕಿವಿಗೊಡಬೇಕು. ಕೋಗಿಲಿನ ಒಬ್ಬ ಕಿರಾಣಿ ವ್ಯಾಪಾರಿ ಕಾಲು ಕೆಜಿ ಬೇಳೆ ತೂಗಬೇಕಾದರೂ ಅವನ ತಕ್ಕಡಿಗೆ ಸರ್ಕಾರದ ಮುದ್ರೆ ಇರಬೇಕು. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಹಾಗೆನ್ನುತ್ತದೆ. ಮುದ್ರೆ ಹಳೆಯದಾದರೆ ದಂಡ. ಸರಿ, ಆಗಲಿ. ಆದರೆ ಎ.ಸಿ. ಗ್ಯಾಸ್ ಕೂಡ ತೂಕದ ಸರಕೇ. ಹೊರಗಿನ ಯೂನಿಟ್ಟಿನ ಪಕ್ಕೆಯಲ್ಲಿ ಒಂದು ಪಟ್ಟಿ ಅಂಟಿಸಿರುತ್ತಾರೆ. ಯಾವ ಗ್ಯಾಸ್, ಎಷ್ಟು ತೂಕ ಎಂದು ಅದರಲ್ಲೇ ಅಚ್ಚಾಗಿರುತ್ತದೆ. ಆರ್-22, ಆರ್-410ಎ, ಆರ್-32, ಹೀಗೆ ಒಂದೊಂದು ಯಂತ್ರಕ್ಕೆ ಒಂದೊಂದು. ಒಂದೂವರೆ ಟನ್ನಿನ ಎ.ಸಿ.ಗೆ ಸಾಮಾನ್ಯವಾಗಿ ಒಂದು ಕೆಜಿಯ ಆಸುಪಾಸು. ಸರಿಯಾದ ಕೆಲಸಗಾರ ಸಿಲಿಂಡರನ್ನು ತಕ್ಕಡಿ ಮೇಲಿಟ್ಟೇ ಗ್ಯಾಸ್ ಬಿಡುತ್ತಾನೆ. ಕಂಬದ ನಂಬರಿನವನ ಚೀಲದಲ್ಲಿ ಸ್ಪ್ಯಾನರ್ ಇದೆ, ಸ್ಕ್ರೂಡ್ರೈವರ್ ಇದೆ, ತಕ್ಕಡಿ ಇಲ್ಲ. ಮುನ್ನೂರು ಗ್ರಾಂ ಹಾಕಿ ಒಂದು ಕೆಜಿಯ ದುಡ್ಡು ತೆಗೆದುಕೊಂಡರೆ ಕೇಳುವವರ್ಯಾರು? ಬೇಳೆಯ ಮೇಲೆ ಕಣ್ಣಿಟ್ಟ ಇಲಾಖೆ ಈ ಬುಸ್ ಎನ್ನುವ ವ್ಯಾಪಾರದ ಕಡೆಗೂ ಒಂದು ಹೆಜ್ಜೆ ಇಡಬಾರದೇ?

ಇದರ ಪೆಟ್ಟು ಗ್ಯಾಸಿನ ದುಡ್ಡಿಗೇ ಮುಗಿಯುವುದಿಲ್ಲ. ಗ್ಯಾಸ್ ಕಮ್ಮಿ ಇರುವ ಎ.ಸಿ. ಕೋಣೆಯನ್ನು ತಣ್ಣಗೆ ಮಾಡಲಾರದೆ ಕಂಪ್ರೆಸರನ್ನು ನಿಲ್ಲಿಸುವುದೇ ಇಲ್ಲ. ಮೀಟರ್ ಓಡುತ್ತಲೇ ಇರುತ್ತದೆ. 2023ರಲ್ಲಿ ಬಂದ ಗೃಹಜ್ಯೋತಿಯ ಲೆಕ್ಕ ಎಲ್ಲರಿಗೂ ಬಾಯಿಪಾಠ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ನೆಟ್ಟಗಿರುವ ಒಂದೂವರೆ ಟನ್ನಿನ ಎ.ಸಿ.ಯೇ ರಾತ್ರಿ ಎಂಟು ಗಂಟೆ ಓಡಿದರೆ ಆರೇಳು ಯೂನಿಟ್ ನುಂಗುತ್ತದೆ. ತಿಂಗಳಿಗೆ ಇನ್ನೂರರ ಅಂಚು. ಅದರ ಮೇಲೆ ಕೆಟ್ಟ ರಿಪೇರಿ ಸೇರಿದರೆ ಸೊನ್ನೆ ಬಿಲ್ಲಿನ ಮನೆಗೆ ಸಾವಿರಾರು ರೂಪಾಯಿಯ ಚೀಟಿ ಬಂದು ಬೀಳುತ್ತದೆ. ಆಗ ಮನೆಯಾಕೆ ಬೈಯುವುದು ಬೆಸ್ಕಾಂನವರನ್ನು. ಗ್ಯಾಸ್ ಹುಡುಗ ಅಷ್ಟು ಹೊತ್ತಿಗೆ ಹೆಗಡೆ ನಗರದಲ್ಲಿ ಇನ್ನೊಬ್ಬರ ಮನೆಯ ಮುಚ್ಚಳ ಬಿಚ್ಚುತ್ತಿರುತ್ತಾನೆ.

ಗಾಳಿಗೆ ಹೋದ ಗ್ಯಾಸಿನ ಕತೆಯೂ ಸಣ್ಣದಲ್ಲ. ಒಂದು ಕೆಜಿ ಆರ್-410ಎ ಸೋರಿ ಹೋದರೆ ಎರಡು ಟನ್ ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟೇ ಕೇಡು. ಹಳೆಯ ಆರ್-22 ಓಝೋನ್ ಪದರವನ್ನೂ ತಿನ್ನುವಂಥದ್ದು. 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ದೇಶದಲ್ಲಿ ಅದರ ಬಳಕೆ 2030ರೊಳಗೆ ಹೆಚ್ಚುಕಡಿಮೆ ಮುಗಿಯಬೇಕು. ಊರು ಕಾದಿದೆ ಅಂತ ಎ.ಸಿ., ಎ.ಸಿ. ಗ್ಯಾಸ್ ಸೋರಿ ಊರು ಮತ್ತಷ್ಟು ಕಾಯುತ್ತದೆ. ಹೊಸ ಆರ್-32 ಅಷ್ಟು ಕೆಟ್ಟದ್ದಲ್ಲ, ಆದರೆ ಸ್ವಲ್ಪ ಮಟ್ಟಿಗೆ ಬೆಂಕಿ ಹಿಡಿಯುವ ಗುಣ ಅದಕ್ಕಿದೆ. ಕೊಳವೆ ಖಾಲಿ ಮಾಡದೆ ಬೆಸುಗೆ ಹಾಕಲು ಹೋಗುವ ಅರೆಕಲಿತವನ ಕೈಗೆ ಕೊಡುವ ವಸ್ತುವಲ್ಲ.

ಹಾಗೆಂದು ಎಲ್ಲ ಪಾಪವನ್ನೂ ಆ ಹುಡುಗನ ತಲೆಗೆ ಕಟ್ಟುವುದು ಅನ್ಯಾಯ. ಐಟಿಐನಲ್ಲಿ ಎರಡು ವರ್ಷ ರೆಫ್ರಿಜರೇಷನ್ ಕಲಿತು ಬಂದವರೂ ಈ ಗುಂಪಿನಲ್ಲಿದ್ದಾರೆ. ಅವರಿಗೂ ಚೀಟಿಯೇ ಗತಿ. ವರ್ಷಕ್ಕೆ ಮೂರು ತಿಂಗಳು ಮಾತ್ರ ಕೈತುಂಬ ಕೆಲಸ, ಮಿಕ್ಕ ಒಂಬತ್ತು ತಿಂಗಳು ಗೀಸರ್, ಮಿಕ್ಸಿ, ಸಿಕ್ಕಿದ್ದು. ಆ್ಯಪಿನವರ ಕೆಳಗೆ ದುಡಿದರೆ ಅವರ ಕಮಿಷನ್ ಹೋಗಿ ಉಳಿದಿದ್ದು ಕೈಗೆ. ಮನೆ ಕಟ್ಟಿಸಿದ ಮಹಾನುಭಾವರು ಮೂರನೇ ಅಂತಸ್ತಿನಲ್ಲಿ ಯೂನಿಟ್ ನೇತುಹಾಕುತ್ತಾರೆ, ಕೆಳಗೆ ಕಾಲಿಡಲು ಒಂದು ಗೇಣು ಸಜ್ಜೆ ಕಟ್ಟಿಸುವುದಿಲ್ಲ. ಹುಡುಗ ಒಂದು ಕೈಯಲ್ಲಿ ಕಿಟಕಿ ಸರಳು ಹಿಡಿದು ಇನ್ನೊಂದು ಕೈಯಲ್ಲಿ ನಟ್ಟು ತಿರುಗಿಸಬೇಕು. ಸೊಂಟಕ್ಕೆ ಹಗ್ಗವಿಲ್ಲ. ಕಾಲು ಜಾರಿದರೆ? ಆ್ಯಪುಗಳ ಮೂಲಕ ದುಡಿಯುವವರಿಗಾಗಿ 2025ರಲ್ಲಿ ರಾಜ್ಯ ಸರ್ಕಾರ ಗಿಗ್ ಕಾರ್ಮಿಕರ ಕಾಯ್ದೆ ತಂದಿದೆ, ಕಲ್ಯಾಣ ನಿಧಿ ಎಂದಿದೆ. ಕಂಬದ ಚೀಟಿಯವನು ಯಾವ ಆ್ಯಪಿನ ಪಟ್ಟಿಯಲ್ಲೂ ಇಲ್ಲ, ಯಾವ ಕಾಯ್ದೆಯ ಕೈಗೂ ಎಟುಕುವುದಿಲ್ಲ.

ಚಳಿಗಾಲದಲ್ಲಿ ಅದೇ ನಂಬರಿನವನು ಗೀಸರ್ ಹಾಕಲು ಬರುತ್ತಾನಲ್ಲ, ಅಲ್ಲಿ ಪ್ರಾಣದ ಪ್ರಶ್ನೆ. ಕರೆಂಟ್ ಗೀಸರಾದರೆ ಬೋರ್ ನೀರಿನ ಸುಣ್ಣ ಕಟ್ಟಿ ಕಾಯಿಲ್ ಸುಡುತ್ತದೆ, ಅಷ್ಟೇ. ಗ್ಯಾಸ್ ಗೀಸರ್ ಹಾಗಲ್ಲ. ಗಾಳಿಯಾಡದ ಬಚ್ಚಲಲ್ಲಿ ಅದು ಉರಿದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷ ತುಂಬಿಕೊಳ್ಳುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಹೊರಗೆ ಬರಲಿಲ್ಲವೆಂಬ ಸುದ್ದಿ ಬೆಂಗಳೂರಿನಲ್ಲಿ ಮತ್ತೆ ಮತ್ತೆ ಬಂದಿದೆ. ಗ್ಯಾಸ್ ಗೀಸರನ್ನು ಬಚ್ಚಲ ಹೊರಗೆ, ಗಾಳಿಯಾಡುವ ಕಡೆ ಕೂರಿಸಬೇಕು ಎಂದು ಹೇಳಬೇಕಾದವನು ಅದನ್ನು ಗೋಡೆಗೆ ಹೊಡೆಯಲು ಬಂದವನೇ. ಅವನಿಗೆ ಗೊತ್ತಿಲ್ಲದಿದ್ದರೆ, ಗೊತ್ತಿದ್ದೂ ಹೇಳದಿದ್ದರೆ, ಆಮೇಲೆ ಯಾರ ಮನೆ ಬಾಗಿಲು ತಟ್ಟುವುದು? ನಂಬರ್ ಸ್ವಿಚ್ ಆಫ್.

ಯಂತ್ರ ಕೊಳ್ಳುವ ಮೊದಲೇ ಒಂದೆರಡು ಉಪಾಯವಿದೆ, ಮಾರುವವರು ಹೇಳುವುದಿಲ್ಲ. ತಾರಸಿಗೆ ಬಿಳಿ ಸುಣ್ಣ ಬಳಿದರೆ ಬಿಸಿಲು ಅರ್ಧ ಅಲ್ಲಿಂದಲೇ ವಾಪಸು. ಮಾರ್ಚ್-ಏಪ್ರಿಲ್ ಮಧ್ಯಾಹ್ನ ಬೆಂಗಳೂರಿನ ಗಾಳಿ ಒಣಗಿರುವುದರಿಂದ ನೀರು ಹಾಕುವ ಕೂಲರ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಕಿಟಕಿ ತೆರೆದಿರಬೇಕು. ಮುಚ್ಚಿದ ಕೋಣೆಯಲ್ಲಿ ಕೂಲರ್ ಹಾಕಿ ಮೈ ಅಂಟಂಟು ಎನ್ನುವವರೇ ಹೆಚ್ಚು. ನೀರಿಲ್ಲದ ಬೇಸಿಗೆಯಲ್ಲಿ ಅದೂ ಉಪಯೋಗಕ್ಕಿಲ್ಲ ಎನ್ನುವುದು ಬೇರೆ ಮಾತು.

ಮೆಡಿಕಲ್ ಸ್ಟೋರಿನ ಇನ್ಸುಲಿನ್, ಹಾಲಿನ ಬೂತಿನ ಫ್ರಿಡ್ಜ್, ಬೇಕರಿಯ ಗಾಜಿನ ಕಪಾಟು, ಇವೆಲ್ಲ ನಿಂತಿರುವುದೂ ಇದೇ ಕೈಗಳ ಮೇಲೆ. ಅಂದಮೇಲೆ ಅಂಗಡಿಯವರಿಗೆ ಇದು ಪರರ ಗೋಳಲ್ಲ. ಎ.ಸಿ. ಮಾರಿ ಲಾಭ ಮಾಡಿಕೊಂಡ ಅಂಗಡಿ ರಿಪೇರಿ ಕೇಳಿದಾಗ "ಕಂಪನಿಗೆ ಫೋನ್ ಮಾಡಿ" ಎಂದು ಕೈ ತೊಳೆದುಕೊಳ್ಳುವುದು ಯಾವ ಸೀಮೆಯ ವ್ಯಾಪಾರ? ಚಪ್ಪಲಿ ಕಿತ್ತು ಹೋದರೂ ಮಾರಿದವನನ್ನೇ ಕೇಳುವ ಊರು ಇದು. ಕೋಗಿಲು ಮುಖ್ಯರಸ್ತೆಯ ಎಲೆಕ್ಟ್ರಿಕಲ್ ಅಂಗಡಿಗಳು ತಾವು ಬಲ್ಲ, ಕೆಲಸ ಕಲಿತ ನಾಲ್ಕು ಹುಡುಗರ ಹೆಸರು, ಫೋಟೋ, ದರ ಬರೆದು ಒಂದು ಬೋರ್ಡು ತೂಗುಹಾಕಲಿ. ಆ ಹುಡುಗರಿಗೂ ಕಂಬ ಹತ್ತುವ ಗೋಳು ತಪ್ಪುತ್ತದೆ. 2025ರ ಸೆಪ್ಟೆಂಬರಿನಲ್ಲಿ ಹುಟ್ಟಿದ ಬೆಂಗಳೂರು ಉತ್ತರ ನಗರ ಪಾಲಿಕೆಯವರು ಕಂಬದ ಚೀಟಿ ಕೀಳಿಸುವುದರ ಜೊತೆಗೆ ಇಂಥದ್ದೊಂದು ಪಟ್ಟಿಯನ್ನು ವಾರ್ಡು ಕಚೇರಿಯಲ್ಲೂ ಅಂಟಿಸಬಹುದು. ದುಬಾರಿ ಕೆಲಸವೇನಲ್ಲ.

ಕರೆಸುವವರೂ ಬಾಯಿ ಬಿಡಬೇಕು. ಮೊದಲು ಜಾಲರಿ ತೊಳೆದು ನೋಡಪ್ಪ. ಗ್ಯಾಸ್ ಹೋಗಿದ್ದರೆ ಸೋಪಿನ ನೊರೆ ಹಚ್ಚಿ ಸೋರುವ ಜಾಗ ತೋರಿಸು. ತೂತು ಮುಚ್ಚಿ, ವ್ಯಾಕ್ಯೂಮ್ ಪಂಪು ಹಾಕಿ ಒಳಗಿನ ಗಾಳಿ ತೇವ ಎಳೆದ ಮೇಲೆ ತುಂಬು. ಯಾವ ಗ್ಯಾಸ್, ಎಷ್ಟು ಗ್ರಾಂ ಎಂದು ಬರೆದು ಸಹಿ ಹಾಕು. ಹೀಗೆ ಕೇಳಿದರೆ ಅರ್ಧ ಜನ ಚೀಲ ಎತ್ತಿಕೊಂಡು ಹೋಗುತ್ತಾರೆ. ಹೋಗಲಿ. ಕೈಯಲ್ಲಿ ರಸೀದಿ ಇದ್ದರೆ 1915 ಎಂಬ ಗ್ರಾಹಕ ಸಹಾಯವಾಣಿಗೆ ಕನ್ನಡದಲ್ಲೇ ದೂರು ಹೇಳಬಹುದು. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದರೂ ಐದು ಲಕ್ಷದವರೆಗಿನ ವ್ಯಾಜ್ಯಕ್ಕೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದಿಲ್ಲ. ರಸೀದಿ ಇಲ್ಲದವನಿಗೆ ಯಾವ ಕಾಯ್ದೆಯೂ ಇಲ್ಲ.

ತಕ್ಕಡಿ ಕೊಳ್ಳಲು ಹುಡುಗರ ಹತ್ತಿರ ದುಡ್ಡಿಲ್ಲ ಎಂಬ ಮಾತೂ ಕೇಳಿಬರುತ್ತದೆ. ಇರಬಹುದು. ಮದುವೆಗೆ ಪಾತ್ರೆ, ಸೆಂಟ್ರಿಂಗಿಗೆ ಹಲಗೆ ಬಾಡಿಗೆಗೆ ಸಿಗುವ ರಸ್ತೆಯಿದು. ಮುದ್ರೆ ಬಿದ್ದ ತಕ್ಕಡಿಯೊಂದನ್ನು, ಜೊತೆಗೆ ಸೊಂಟದ ಹಗ್ಗವೊಂದನ್ನು, ದಿನಕ್ಕೆ ಐವತ್ತು ರೂಪಾಯಿಗೆ ಬಾಡಿಗೆಗೆ ಕೊಡುವ ಅಂಗಡಿ ಕೋಗಿಲು ಕ್ರಾಸಿನಲ್ಲಿ ಇನ್ನೂ ತೆರೆಯಬೇಕಾಗಿದೆ.