ಧ್ವನಿ ಇದೆ, ಪಠ್ಯ ಎಲ್ಲಿ?

ಅಂಗವಿಕಲರಿಗೆ ಸೌಲಭ್ಯ ಒದಗಿಸುವ ಮಾನದಂಡಗಳು ಬರಿಯ ಸಲಹೆಯ ರೂಪದಲ್ಲಿದ್ದರೆ ಸಾಲದು, ಅವು ಕಡ್ಡಾಯವಾಗಿರಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ತೀರ್ಪಿತ್ತಿತು. ಡಿಜಿಟಲ್ ಸೇವೆಗಳನ್ನು ಬಳಸುವ ಅವಕಾಶವೂ ಸಂವಿಧಾನದ 21ನೇ ವಿಧಿ ನೀಡುವ ಜೀವಿಸುವ ಹಕ್ಕಿನ ಅಂಗವೇ ಎಂದು 2025ರ ಏಪ್ರಿಲ್ 30ರಂದು ಮತ್ತೊಂದು ಪ್ರಕರಣದಲ್ಲಿ ಅದೇ ನ್ಯಾಯಾಲಯ ಸ್ಪಷ್ಟಪಡಿಸಿತು. ಕಟ್ಟಡದ ಇಳಿಜಾರು, ಬ್ಯಾಂಕಿನ ಗುರುತು ಪರಿಶೀಲನೆ ಮುಂತಾದ ವಿಷಯಗಳು ಇದರಿಂದ ಚರ್ಚೆಗೆ ಬಂದಿವೆ. ಆದರೆ ಪದವಿ ಕಾಲೇಜಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದುತ್ತಿರುವ ಅಂಧ ವಿದ್ಯಾರ್ಥಿಯ ಪಠ್ಯಪುಸ್ತಕದ ಮಾತನ್ನು ಎತ್ತಿದವರು ವಿರಳ.

ಮುದ್ರಿತ ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ಯಂತ್ರವನ್ನು ಅಮೆರಿಕದ ರೇ ಕರ್ಜ್‌ವೈಲ್ 1976ರಲ್ಲಿ ಜಗತ್ತಿಗೆ ತೋರಿಸಿದಾಗ ಅದು ಸಂಸ್ಥೆಗಳು ಮಾತ್ರ ಕೊಳ್ಳಬಹುದಾಗಿದ್ದ ದುಬಾರಿ ಸಾಧನ. ನಂತರ ಬಂದ ಜಾಸ್ ತಂತ್ರಾಂಶದ ಬೆಲೆಯೂ ನಮ್ಮ ಬಡ ವಿದ್ಯಾರ್ಥಿಗಳಿಗೆ ಎಟುಕುವಂಥದಾಗಿರಲಿಲ್ಲ. ಆಸ್ಟ್ರೇಲಿಯದ ಇಬ್ಬರು ಅಂಧ ಯುವಕರು 2006ರಿಂದ ರೂಪಿಸತೊಡಗಿದ ಎನ್‌ವಿಡಿಎ ತಂತ್ರಾಂಶ ಉಚಿತವಾಗಿ ದೊರೆಯತೊಡಗಿದ ಮೇಲೆ ಈ ಅಡ್ಡಿ ಬಹುಮಟ್ಟಿಗೆ ನಿವಾರಣೆಯಾಯಿತು. ಅದರೊಡನೆ ಬರುವ ಇ-ಸ್ಪೀಕ್ ಧ್ವನಿ ಕನ್ನಡವನ್ನೂ ಓದುತ್ತದೆ. ಸಾಮಾನ್ಯ ಆಂಡ್ರಾಯ್ಡ್ ಫೋನಿನಲ್ಲಿ ಇದಕ್ಕಿಂತ ಇಂಪಾದ ಕನ್ನಡ ಧ್ವನಿಯೇ ಇದೆ. ಅಭ್ಯಾಸವಾದವರು ಇದನ್ನು ಕೇಳುವ ವೇಗ ಎಷ್ಟೆಂದರೆ ಪಕ್ಕದಲ್ಲಿ ಕುಳಿತವರಿಗೆ ಒಂದು ಪದವೂ ಅರ್ಥವಾಗದು. ಬ್ರೈಲ್ ಪುಸ್ತಕಗಳ ಹೊರೆಯನ್ನೋ, ಬೆಂಗಳೂರಿನ ಮಿತ್ರಜ್ಯೋತಿಯಂಥ ಸಂಸ್ಥೆಗಳು ಶ್ರಮಪಟ್ಟು ಧ್ವನಿಮುದ್ರಿಸುತ್ತ ಬಂದ ಪುಸ್ತಕಗಳನ್ನೋ ಮಾತ್ರ ನೆಚ್ಚಿಕೊಂಡಿದ್ದ ಪೀಳಿಗೆಗೆ ಇದು ಕನಸಿನ ಮಾತಾಗಿತ್ತು.

ಹಾಗಾದರೆ ತೊಡಕು ಎಲ್ಲಿದೆ? ಯಂತ್ರದ ಬಾಯಿಗೆ ನಾವು ಕೊಡುವ ಪಠ್ಯದಲ್ಲಿದೆ. ನಾಡಿನ ಮುದ್ರಣಾಲಯಗಳು, ಡಿಟಿಪಿ ಕೇಂದ್ರಗಳು ಎರಡು ದಶಕಗಳಿಂದ ನುಡಿ ಮತ್ತು ಅದರಂಥ ಹಳೆಯ ಅಕ್ಷರಶೈಲಿಗಳಲ್ಲಿ ಪುಸ್ತಕ ಸಿದ್ಧಪಡಿಸುತ್ತ ಬಂದಿವೆ. ಈ ವ್ಯವಸ್ಥೆಯಲ್ಲಿ ಕಣ್ಣಿಗೆ ಕಾಣುವುದಷ್ಟೇ ಕನ್ನಡ. ಕಡತದೊಳಗಿರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳು. 'ಕನ್ನಡ' ಎಂಬ ಪದವನ್ನೇ ತೆಗೆದುಕೊಳ್ಳಿ. ನುಡಿಯಲ್ಲಿ ಬೆರಳಚ್ಚಿಸಿದ ಕಡತದಲ್ಲಿ ಅದು ಇಂಗ್ಲಿಷಿನ ಪಿ ಅಕ್ಷರದಿಂದ ಆರಂಭವಾಗಿ, ನಡುವೆ ಬ್ರಿಟಿಷ್ ಪೌಂಡ್ ನಾಣ್ಯದ ಗುರುತನ್ನು ಹಾದು, ಕೊನೆಯಲ್ಲಿ ಕ್ಯೂ ಅಕ್ಷರವನ್ನು ತಲುಪುತ್ತದೆ. ಅಕ್ಷರಶೈಲಿಯ ವೇಷ ತೊಟ್ಟಾಗ ನಮಗೆ ಕನ್ನಡವಾಗಿ ತೋರುವ ಈ ಸಾಲನ್ನು ಯಂತ್ರ ಇದ್ದುದನ್ನು ಇದ್ದಂತೆಯೇ ಓದುತ್ತದೆ. ಕೇಳುವ ವಿದ್ಯಾರ್ಥಿಗೆ ಅದು ಶುದ್ಧ ಗದ್ದಲ. ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್ ಬಂದು ಮೂರು ದಶಕ ದಾಟಿದೆ ಎಂಬುದನ್ನು ನೆನೆದರೆ ಈ ಸ್ಥಿತಿಗೆ ತಂತ್ರಜ್ಞಾನವನ್ನು ದೂರುವಂತಿಲ್ಲ.

ಕಡತವೇ ಸಿಗದಿದ್ದರೆ ಪುಸ್ತಕವನ್ನು ಸ್ಕ್ಯಾನ್ ಮಾಡಿ ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಒಪ್ಪಿಸಬೇಕು. ಚೊಕ್ಕವಾಗಿ ಮುದ್ರಿತವಾದ ಹೊಸ ಪುಸ್ತಕದಲ್ಲಿ ಈ ಕೆಲಸ ಈಗ ತಕ್ಕಮಟ್ಟಿಗೆ ನಡೆಯುತ್ತದೆ. ಆದರೆ ವಿದ್ಯಾರ್ಥಿಯ ಕೈಗೆ ಬರುವುದು ಬಹುಪಾಲು ಜೆರಾಕ್ಸಿನ ಜೆರಾಕ್ಸ್. ಹಿಂದಿನ ವರ್ಷದವರು ಪೆನ್ನಿನಲ್ಲಿ ಗೆರೆ ಎಳೆದ ಸಾಲುಗಳು, ಮಸುಕಾದ ಒತ್ತಕ್ಷರಗಳು, ಒಂದನ್ನೊಂದು ಹೋಲುವ ಪಕಾರ ವಕಾರಗಳು ಸೇರಿ ವಾಕ್ಯದ ಅರ್ಥವನ್ನೇ ತಿರುಚಿಬಿಡುತ್ತವೆ. ಹಳಗನ್ನಡ ಪದ್ಯದಲ್ಲಂತೂ ತಪ್ಪು ಯಂತ್ರದ್ದೋ, ಪದವೇ ಅಪರಿಚಿತವೋ ಎಂದು ನಿರ್ಧರಿಸುವ ಉಪಾಯವೂ ಕೇಳುಗನಿಗಿಲ್ಲ. ಅದೇ ಕಾಲೇಜಿನ ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿ ಷೇಕ್ಸ್‌ಪಿಯರನನ್ನೋ ಹಾರ್ಡಿಯನ್ನೋ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಿಂದ ಇಳಿಸಿಕೊಂಡು ಅಂದೇ ಸಂಜೆ ಓದಲು ಕೂರಬಹುದು. ಕನ್ನಡ ಕಲಿಯುವವನು ಮಾತ್ರ ಪುಟ ಓದಿ ಹೇಳುವ ಗೆಳೆಯನಿಗೆ ಬಿಡುವಾಗುವುದನ್ನು ಕಾಯಬೇಕು. ಕನ್ನಡ ಮಾಧ್ಯಮದ ಬಗ್ಗೆ ಭಾವುಕವಾಗಿ ಮಾತನಾಡುವವರು ಈ ಅಂತರವನ್ನು ಗಮನಿಸಿದಂತಿಲ್ಲ.

ಕಾನೂನು ಇಲ್ಲಿ ಅರ್ಧ ದಾರಿಯಲ್ಲಿ ನಿಂತಿದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 32ನೇ ಸೆಕ್ಷನ್ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5ರಷ್ಟು ಸೀಟುಗಳನ್ನು ಮೀಸಲಿಡುತ್ತದೆ. ಪುಸ್ತಕ ಮತ್ತು ಸಹಾಯಕ ಸಾಧನಗಳನ್ನು ಉಚಿತವಾಗಿ ಕೊಡಬೇಕೆನ್ನುವ 17ನೇ ಸೆಕ್ಷನ್ ಆ ಹೊಣೆಯನ್ನು ಹದಿನೆಂಟು ವರ್ಷಕ್ಕೆ ಸೀಮಿತಗೊಳಿಸುತ್ತದೆ. ಅಂದರೆ ಪದವಿ ತರಗತಿಯ ಬಾಗಿಲು ತೆರೆಯುವ ಹೊತ್ತಿಗೆ ಸರಿಯಾಗಿ ಪುಸ್ತಕದ ಹಕ್ಕು ಮುಗಿಯುತ್ತದೆ! ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿಯೂ ಇದೇ ಬಗೆಯದು. ಅಂಗವಿಕಲರ ಓದಿಗಾಗಿ ಪುಸ್ತಕವನ್ನು ಬೇರೆ ರೂಪಕ್ಕೆ ಪರಿವರ್ತಿಸಲು ಅದು ಉದಾರ ಅನುಮತಿ ನೀಡಿತು. 2013ರ ಮರಕೇಶ್ ಒಪ್ಪಂದವನ್ನು ಮರುವರ್ಷ ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶವೂ ಭಾರತವೇ. ಆದರೆ ಪರಿವರ್ತಿಸಿಕೊಳ್ಳಬಹುದು ಎಂಬುದು ಬೇರೆ, ಪ್ರಕಾಶಕರು ಕಡತ ಕೊಡಲೇಬೇಕು ಎಂಬುದು ಬೇರೆ. ಪರಿಣಾಮವಾಗಿ ಒಂದೇ ಪಠ್ಯವನ್ನು ತುಮಕೂರಿನಲ್ಲೊಬ್ಬ, ಧಾರವಾಡದಲ್ಲೊಬ್ಬ, ಕಲಬುರಗಿಯಲ್ಲೊಬ್ಬ ಮತ್ತೆ ಮತ್ತೆ ಸ್ಕ್ಯಾನ್ ಮಾಡುತ್ತ ಕೂರುವ ಸ್ಥಿತಿ ಇದೆ.

ಕೇಳುವುದು ಓದುವುದಕ್ಕೆ ಸಮವೇ ಎಂದು ಅನುಮಾನಿಸುವ ಅಧ್ಯಾಪಕರೂ ಇದ್ದಾರೆ. ಗಮಕಿಗಳ ಬಾಯಿಂದ ಕುಮಾರವ್ಯಾಸನನ್ನು ಕೇಳಿಯೇ ಅರಗಿಸಿಕೊಂಡ ನಾಡಿನಲ್ಲಿ ಈ ಅನುಮಾನ ವಿಚಿತ್ರವಾದುದು. ಮೇಲಾಗಿ ಧ್ವನಿ ತಂತ್ರಾಂಶದಲ್ಲಿ ಓದುವವನು ಸುಮ್ಮನೆ ಕಿವಿಗೊಟ್ಟು ಕೂತಿರುವುದಿಲ್ಲ. ಶೀರ್ಷಿಕೆಯಿಂದ ಶೀರ್ಷಿಕೆಗೆ ಜಿಗಿಯುತ್ತಾನೆ, ಅರ್ಥವಾಗದ ವಾಕ್ಯಕ್ಕೆ ಮರಳುತ್ತಾನೆ, ಸಂಶಯ ಬಂದ ಪದವನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಕೇಳುತ್ತಾನೆ. ಇನ್ನೊಬ್ಬರು ಓದಿ ಹೇಳುವಾಗ ಈ ಸ್ವಾತಂತ್ರ್ಯವಿಲ್ಲ. ಹತ್ತನೆಯ ಸಲ 'ಇನ್ನೊಮ್ಮೆ ಓದು' ಎನ್ನಲು ಯಾರಿಗಾದರೂ ಸಂಕೋಚವಾಗುತ್ತದೆ.

ಪರಿಹಾರಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ. ಅಧ್ಯಯನ ಮಂಡಳಿಯು ಒಂದು ಪುಸ್ತಕವನ್ನು ಪಠ್ಯವಾಗಿ ಗೊತ್ತುಪಡಿಸುವಾಗಲೇ ಅದರ ಯೂನಿಕೋಡ್ ಕಡತವನ್ನು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಒಪ್ಪಿಸಬೇಕೆಂಬ ಷರತ್ತು ವಿಧಿಸಿದರೆ ಸಾಕು. ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳೇ ಪ್ರಕಟಿಸುವ ಪಠ್ಯಗಳ ವಿಷಯದಲ್ಲಿ ಯಾರ ಅಪ್ಪಣೆಯೂ ಬೇಕಾಗಿಲ್ಲ. ಹಳೆಯ ಕಡತಗಳನ್ನು ಯೂನಿಕೋಡಿಗೆ ಬದಲಿಸುವ ತಂತ್ರಾಂಶಗಳೂ ಉಚಿತವಾಗಿ ಲಭ್ಯವಿವೆ; ಕರಡು ತಿದ್ದುವ ಶ್ರಮವಷ್ಟೇ ಉಳಿಯುತ್ತದೆ. ಕಡತ ಹೊರಗೆ ಹೋದರೆ ಕಳ್ಳಮುದ್ರಣವಾಗುತ್ತದೆ ಎಂಬ ಖಾಸಗಿ ಪ್ರಕಾಶಕರ ಅಂಜಿಕೆ ತಳ್ಳಿಹಾಕುವಂಥದಲ್ಲ. ಸಣ್ಣ ಬಂಡವಾಳದ ಉದ್ಯಮ ಅವರದು. ಆದರೆ ಅಂಗವಿಕಲ ಸದಸ್ಯರಿಗಷ್ಟೇ ಪುಸ್ತಕ ನೀಡುವ ಸುಗಮ್ಯ ಪುಸ್ತಕಾಲಯ 2016ರಲ್ಲೇ ಆರಂಭವಾಗಿದೆ. ಕಡತಗಳನ್ನು ಅಂಥ ಕಡೆ ಇಡಬಹುದು. 2011ರ ಜನಗಣತಿಯಂತೆ ರಾಜ್ಯದಲ್ಲಿ ದೃಷ್ಟಿದೋಷವುಳ್ಳವರೇ ಸುಮಾರು 2.64 ಲಕ್ಷ ಮಂದಿ. ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಗಳನ್ನೂ 2016ರ ಕಾಯ್ದೆ ಅಂಗವಿಕಲತೆಯ ಪಟ್ಟಿಗೆ ಸೇರಿಸಿರುವುದರಿಂದ, ಕಣ್ಣಿದ್ದೂ ಅಕ್ಷರದೊಡನೆ ಸೆಣಸುವ ವಿದ್ಯಾರ್ಥಿಗಳಿಗೂ ಇದೇ ಕಡತ ಒದಗುತ್ತದೆ.

ಎಲ್ಲಕ್ಕಿಂತ ಮೊದಲು ಆಗಬೇಕಾದುದು ಪರೀಕ್ಷಾ ವಿಭಾಗದಲ್ಲಿ. ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಮಾರ್ಗಸೂಚಿ ಅಂಗವಿಕಲ ಅಭ್ಯರ್ಥಿಗಳು ಲಿಪಿಕಾರರ ನೆರವಿಲ್ಲದೆ ಕಂಪ್ಯೂಟರಿನಲ್ಲೇ ಉತ್ತರ ಬರೆಯುವ ಆಯ್ಕೆಯನ್ನು ಕೊಟ್ಟಿದೆ. ಕನ್ನಡದಲ್ಲಿ ಆ ಆಯ್ಕೆಯನ್ನು ಬಳಸಬೇಕಾದರೆ ಪ್ರಶ್ನೆಪತ್ರಿಕೆ ಯೂನಿಕೋಡಿನಲ್ಲಿರಬೇಕು. ಅದನ್ನು ಸಿದ್ಧಪಡಿಸುವುದು ವಿಶ್ವವಿದ್ಯಾಲಯವೇ, ಬೆರಳಚ್ಚಿಸುವುದೂ ಅದರ ಸುಪರ್ದಿಯಲ್ಲೇ. ಪ್ರಕಾಶಕರ ಒಪ್ಪಿಗೆ, ಹಕ್ಕುಸ್ವಾಮ್ಯ, ಹೆಚ್ಚುವರಿ ಅನುದಾನ ಯಾವುದರ ನೆಪವೂ ಇಲ್ಲದ ಈ ಬದಲಾವಣೆಯನ್ನು ಮುಂದಿನ ಸೆಮಿಸ್ಟರಿನಿಂದಲೇ ಜಾರಿಗೆ ತರಲು ಕುಲಸಚಿವರೊಬ್ಬರ ಸುತ್ತೋಲೆ ಸಾಕು.