ಕೈ ಸೋತವರ ಮನಸ್ಸು ಸೋಲಬಾರದು

ನಮ್ಮ ಸಂಘದ ಮುಂದೆ ಈ ತಿಂಗಳು ಒಂದು ಸಣ್ಣ ಸೂಚನೆ ಬಂದಿದೆ. ಲಕ್ವ ಹೊಡೆದು, ಕೆಲಸ ಬಿಟ್ಟು, ಕೋಣೆಯ ಮೂಲೆಯಲ್ಲಿ ಕುಳಿತಿರುವ ನಮ್ಮ ಬಂಧುಗಳಿಗಾಗಿ ಸಂಘದ ಕೊಠಡಿಯನ್ನು ವಾರಕ್ಕೊಮ್ಮೆ ಮಧ್ಯಾಹ್ನ 2ರಿಂದ 4 ಗಂಟೆಯವರೆಗೆ ತೆರೆದಿಡಬೇಕು. ಅಲ್ಲಿ ಹಾಡು, ತಾಳ, ಚಿತ್ರ, ಜೇಡಿಮಣ್ಣಿನ ಕೆಲಸ ನಡೆಯಬೇಕು ಎಂಬುದೇ ಆ ಸೂಚನೆ. ಸೂಚನೆ ಓದಿದಾಗ ಕೆಲವು ಸದಸ್ಯರು ನಕ್ಕರು. ಔಷಧಿಗೇ ದುಡ್ಡಿಲ್ಲದವನಿಗೆ ಬಣ್ಣದ ಪೆಟ್ಟಿಗೆ ಯಾಕೆ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವೇ ಎಂದು ಒಬ್ಬರು ಕೇಳಿಯೂ ಬಿಟ್ಟರು.

ಆ ಪ್ರಶ್ನೆ ತಪ್ಪೆಂದು ನಾವು ಹೇಳುವುದಿಲ್ಲ. ಎರಡು ವರ್ಷದ ಹಿಂದೆ ನಾವೂ ಅದನ್ನೇ ಕೇಳುತ್ತಿದ್ದೆವು. ಈಗ ಯಾಕೆ ಕೇಳುವುದಿಲ್ಲ ಎಂಬುದನ್ನು ಬಂಧುಗಳ ಮುಂದೆ ಇಡುವುದು ನಮ್ಮ ಕರ್ತವ್ಯ.

ನಮ್ಮೊಡನೆ ದುಡಿಯುತ್ತಿದ್ದ ಒಬ್ಬ ದೋಸೆಯ ಭಟ್ಟರಿದ್ದರು. ಇಪ್ಪತ್ತೆರಡು ವರ್ಷ ಕಾವಲಿಯ ಮುಂದೆ ನಿಂತವರು. ಒಂದು ಬೆಳಿಗ್ಗೆ ಅವರ ಬಲಗೈಯಿಂದ ಸೌಟು ಜಾರಿತು, ಬಾಯಿ ಒಂದು ಕಡೆಗೆ ಸೊಟ್ಟಗಾಯಿತು, ಮಾತು ತೊದಲಿತು. ನಿದ್ದೆಗೆಟ್ಟಿದ್ದಾರೆ ಎಂದುಕೊಂಡು ನಾವು ಅವರನ್ನು ಅಟ್ಟದ ಮೇಲೆ ಮಲಗಿಸಿ ಮಜ್ಜಿಗೆ ಕುಡಿಸಿದೆವು. ಆಸ್ಪತ್ರೆಗೆ ಒಯ್ದದ್ದು ಸಾಯಂಕಾಲ. ಮೆದುಳಿನ ರಕ್ತನಾಳ ಕಟ್ಟಿಕೊಂಡಾಗ ಆ ಗಡ್ಡೆಯನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು ಎಂಬುದು ನಮಗೆ ಆಮೇಲೆ ತಿಳಿಯಿತು. ಆ ತಪ್ಪಿನಲ್ಲಿ ನಮ್ಮ ಪಾಲೂ ಇದೆ. ಆದುದರಿಂದ ಮೊದಲು ಇದನ್ನು ಎಲ್ಲರೂ ನೆನಪಿಡತಕ್ಕದ್ದು: ಮುಖ ಸೊಟ್ಟಗಾದರೆ, ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ, ಯಜಮಾನರ ಅಪ್ಪಣೆಗೂ ಕಾಯದೆ 108ಕ್ಕೆ ಫೋನು ಮಾಡಬೇಕು.

ಭಟ್ಟರ ಜೀವ ಉಳಿಯಿತು. ಹೋಟೆಲಿನವರು ಎರಡು ತಿಂಗಳ ಸಂಬಳ ಕೊಟ್ಟು ಕೈ ತೊಳೆದುಕೊಂಡರು. ಕಾಲು ಅಷ್ಟಿಷ್ಟು ಬಂದು ಕೋಲು ಹಿಡಿದು ನಡೆಯುವಂತಾದರು. ಬಲಗೈ ಬರಲಿಲ್ಲ, ಮಾತೂ ಬರಲಿಲ್ಲ. ಬರುತ್ತಿದ್ದುದು ಒಂದೇ ಒಂದು ಬೈಗುಳ. ನಾವು ಬಾಳೆಹಣ್ಣು ತೆಗೆದುಕೊಂಡು ನೋಡಲು ಹೋಗುತ್ತಿದ್ದೆವು. ಅವರ ಎದುರಿಗೇ ಅವರ ಹೆಂಡತಿಯೊಡನೆ ಮಾತನಾಡಿ ಎದ್ದು ಬರುತ್ತಿದ್ದೆವು. ಎಲ್ಲವೂ ತಿಳಿಯುತ್ತಿದ್ದ ಮನುಷ್ಯನನ್ನು ಗೋಡೆಯಂತೆ ಕಂಡೆವು. ಅವರು ಅಳುತ್ತಿದ್ದರು. ಗಂಡಸಾಗಿ ಅಳಬಹುದೇ ಎಂದು ಬುದ್ಧಿ ಹೇಳಿದವರೂ ನಾವೇ.

ಆಸ್ಪತ್ರೆಯ ವೈದ್ಯರೊಬ್ಬರು ನಮ್ಮ ಕಣ್ಣು ತೆರೆಸಿದರು. ಲಕ್ವ ಹೊಡೆದವರಲ್ಲಿ ಸುಮಾರು ಮೂವರಿಗೆ ಒಬ್ಬರಂತೆ ಮನಸ್ಸು ಕುಗ್ಗುವ ಕಾಯಿಲೆಗೆ ತುತ್ತಾಗುತ್ತಾರೆ. ಊಟ ಬೇಡ, ಸ್ನಾನ ಬೇಡ, ವ್ಯಾಯಾಮ ಬೇಡ ಎನ್ನುತ್ತಾರೆ. ವ್ಯಾಯಾಮ ಬಿಟ್ಟರೆ ಬರಬೇಕಾದ ಕೈಕಾಲೂ ಬರುವುದಿಲ್ಲ. ಇನ್ನು ಕೆಲವರಿಗೆ ಮೆದುಳಿಗಾದ ಪೆಟ್ಟಿನಿಂದಲೇ ಕಾರಣವಿಲ್ಲದೆ ಅಳುವೋ ನಗುವೋ ಉಕ್ಕಿ ಬರುತ್ತದೆ. ಅದು ಹೇಡಿತನವಲ್ಲ, ಕಾಯಿಲೆಯ ಭಾಗ. ಎರಡಕ್ಕೂ ಚಿಕಿತ್ಸೆಯಿದೆ.

ಹೋದ ವರ್ಷ ವಾರ್ಷಿಕೋತ್ಸವದ ಯಕ್ಷಗಾನದ ತಾಲೀಮು ಸಂಘದ ಕೊಠಡಿಯಲ್ಲಿ ನಡೆಯುತ್ತಿತ್ತು. ಭಟ್ಟರ ಹೆಂಡತಿ ನಾಲ್ಕು ಮನೆಯ ಕೆಲಸಕ್ಕೆ ಹೋಗಬೇಕಾದ್ದರಿಂದ ಅವರನ್ನು ನಮ್ಮಲ್ಲಿ ಕೂರಿಸಿ ಹೋಗಿದ್ದರು. ಭಾಗವತರು ಪದ ಎತ್ತಿದರು. ಸ್ವಲ್ಪ ಹೊತ್ತಿಗೆ ಭಟ್ಟರ ಎಡಗೈ ಬೆಂಚಿನ ಮೇಲೆ ತಾಳ ಹಾಕತೊಡಗಿತು. ಎರಡನೆಯ ಸಲ ಅದೇ ಪದ ಬಂದಾಗ ಅವರ ಬಾಯಿಂದ ಮಾತುಗಳು ಹೊರಟವು, ಪದದ ಮಾತುಗಳು, ಅರ್ಧಂಬರ್ಧವಲ್ಲ, ಸ್ಪಷ್ಟವಾಗಿ. ಚೆಂಡೆಯವನು ಕೈ ನಿಲ್ಲಿಸಿಬಿಟ್ಟ. ಮಗಳ ಹೆಸರೇನು ಎಂದು ಕೇಳಿದರೆ ಆಗಲೂ ಹೇಳಲಾಗಲಿಲ್ಲ. ಆದರೆ ಅಂದು ಅವರು ಅಳಲಿಲ್ಲ.

ಇದು ದೇವರ ಪವಾಡವೇನೂ ಅಲ್ಲ. ಮೆದುಳಿನ ಎಡಭಾಗ ಬಲಗೈಯನ್ನು ಆಳುತ್ತದೆ. ಹೆಚ್ಚಿನವರಲ್ಲಿ ಮಾತೂ ಅಲ್ಲಿಯದೇ. ರಾಗ, ತಾಳಗಳ ಕೆಲಸದಲ್ಲಿ ಬಲಭಾಗವೂ ಕೈಗೂಡಿಸುತ್ತದೆ. ಆದುದರಿಂದ ಮಾತು ಕಟ್ಟಿದವನಿಗೂ ಹಾಡು ಉಳಿದಿರಬಹುದು. ಈ ತತ್ವದ ಮೇಲೆಯೇ ಅಮೆರಿಕದ ಬೋಸ್ಟನ್ನಿನಲ್ಲಿ 1973ರಲ್ಲಿ, ಮಾತನ್ನು ರಾಗ ಮಾಡಿ ಕಲಿಸುವ ಪದ್ಧತಿಯೊಂದನ್ನು ವೈದ್ಯರು ರೂಪಿಸಿದರು. ಫಿನ್ಲೆಂಡಿನ ಹೆಲ್ಸಿಂಕಿಯ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಲಕ್ವವಾದ ಕೂಡಲೇ ಎರಡು ತಿಂಗಳು ದಿನವೂ ತಮಗಿಷ್ಟವಾದ ಸಂಗೀತ ಕೇಳಿದವರ ನೆನಪೂ ಗಮನವೂ ಉಳಿದವರಿಗಿಂತ ಚೆನ್ನಾಗಿ ಸುಧಾರಿಸಿದವು, ಮನಸ್ಸಿನ ಕುಗ್ಗುವಿಕೆಯೂ ಕಡಿಮೆಯಿತ್ತು. ರಷ್ಯದ ಸಂಗೀತಗಾರ ಶೆಬಾಲಿನ್ 1953ರಲ್ಲಿ ಒಮ್ಮೆ, 1959ರಲ್ಲಿ ಮತ್ತೊಮ್ಮೆ ಲಕ್ವಕ್ಕೆ ತುತ್ತಾಗಿ ಮಾತು ಕಳೆದುಕೊಂಡರು. 1962ರಲ್ಲಿ ತಮ್ಮ ಐದನೆಯ ಸಿಂಫನಿಯನ್ನು ಬರೆದರು. ಸ್ವೀಡನ್ನಿನ ಕವಿ ಟ್ರಾನ್‌ಸ್ಟ್ರೋಮರ್ ಅವರಿಗೆ 1990ರಲ್ಲಿ ಬಲಗೈಯೂ ಮಾತೂ ಸೋತವು. ಅವರು ಎಡಗೈಯಿಂದಲೇ ಪಿಯಾನೊ ನುಡಿಸುತ್ತ ಉಳಿದರು. 2011ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು.

ಅವರು ದೊಡ್ಡ ಕಲಾವಿದರು, ನಾವು ದೋಸೆ ಹೊಯ್ಯುವವರು ಎನ್ನುವಿರಾ? ಇಲ್ಲಿ ಕಲೆ ಚೆನ್ನಾಗಿರಬೇಕೆಂಬ ಮಾತೇ ಇಲ್ಲ. ಭಟ್ಟರಿಗೆ ನಾವು ಒಂದು ಸ್ಲೇಟು, ಬಳಪ ಕೊಟ್ಟೆವು. ಎಡಗೈಯಿಂದ ಅವರು ಒಂದು ಸುತ್ತು ಬರೆದರು, ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ರಂಗೋಲಿಯೇ ಎಂದು ಕೇಳಿದರೆ ತಲೆಯಲ್ಲಾಡಿಸಿದರು. ಕೊನೆಗೆ ಹೆಂಡತಿಯೇ ಗುರುತಿಸಿದಳು: ಕಾವಲಿಯ ಮೇಲಿನ ದೋಸೆ. ಒಂದು ವರ್ಷದಲ್ಲಿ ಅವರು ತಾವಾಗಿ ನಮಗೆ ಹೇಳಿದ ಮೊದಲ ಸಂಗತಿ ಅದು. ಮಾತಿಲ್ಲದವನಿಗೆ ಚಿತ್ರವೂ ಒಂದು ಬಾಯಿ. ಅನ್ನದ ಋಣ ತೀರಿತು, ಇನ್ನು ನಾನು ಯಾರಿಗೂ ಬೇಡ ಎಂದುಕೊಂಡವನಿಗೆ, ನನ್ನಿಂದ ಇಂದೊಂದು ಕೆಲಸವಾಯಿತು ಎಂಬ ಭಾವನೆ ಸಣ್ಣದಲ್ಲ.

ಹಾಗೆಂದು ನಾವು ಸುಳ್ಳು ಆಸೆ ಹುಟ್ಟಿಸಲಾರೆವು. ಹಾಡಿದ ಮಾತ್ರಕ್ಕೆ ಮಾತು ಮರಳುವುದಿಲ್ಲ. ಚಿತ್ರ ಬರೆದ ಮಾತ್ರಕ್ಕೆ ಬಲಗೈ ಏಳುವುದಿಲ್ಲ. ಫಿಸಿಯೋಥೆರಪಿ, ಮಾತಿನ ತರಬೇತಿ, ರಕ್ತದೊತ್ತಡದ ಮಾತ್ರೆ, ಬೇಕಾದರೆ ಮನಸ್ಸಿನ ಔಷಧಿ, ಇವುಗಳಲ್ಲಿ ಒಂದನ್ನೂ ಬಿಡಕೂಡದು. ಬೀಡಿ, ತಂಬಾಕುಗಳನ್ನು ಮಾತ್ರ ಬಿಡಬೇಕು. ಈ.ಎಸ್.ಐ. ಕಾರ್ಡು ಇರುವವರು ದೀರ್ಘ ಕಾಯಿಲೆಯ ಭತ್ಯೆಯನ್ನು ಕೇಳಿ ಪಡೆಯಬೇಕು. ಆ ಪಟ್ಟಿಯಲ್ಲಿ ಪಾರ್ಶ್ವವಾಯುವೂ ಸೇರಿದೆ. ಅರ್ಜಿ ಬರೆದುಕೊಡಲು ಸಂಘ ಸಿದ್ಧವಿದೆ. ಹಿಟ್ಟಿನ ಹೋರಾಟವನ್ನು ನಾವು ಕೈಬಿಟ್ಟಿಲ್ಲ.

ಹೋಟೆಲಿನವರಿಗೆ ಮಾತ್ರ ಈ ಕೊಠಡಿ ಬೇಕಾಗಿಲ್ಲ. 1982ರ ಮುಷ್ಕರದ ನಂತರ ಮುಂಬಯಿಯ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಅಲ್ಲಿ ಮಗ್ಗ ನಡೆಸಿದ ನಮ್ಮ ಹಿರಿಯರು ಈಗ ಲಕ್ವದ ವಯಸ್ಸಿಗೆ ಬಂದಿದ್ದಾರೆ. ಒಂದು ಕಾಲದಲ್ಲಿ ಚಾಳಿನ ಭಜನಾ ಮಂಡಳಿಯಲ್ಲಿ ತಾಳ ಹಿಡಿದ ಕೈಗಳು ಅವರವು. ಹೊಸದಾಗಿ ಏನನ್ನೂ ಕಲಿಸಬೇಕಾಗಿಲ್ಲ, ಮರೆತದ್ದನ್ನು ಎಬ್ಬಿಸಿದರೆ ಸಾಕು.

ನಡೆಸುವ ರೀತಿಯೂ ಸರಳವಾಗಿರಲಿ. ಬಂದವರ ತಪ್ಪು ತಿದ್ದಬಾರದು, ಅಯ್ಯೋ ಪಾಪ ಎನ್ನಬಾರದು. ಅವರು ಮಾತು ಹುಡುಕುವಾಗ ನಾವು ಬಾಯಿ ಹಾಕದೆ ಕಾಯಬೇಕು. ಒತ್ತಾಯ ಬೇಡ; ಸುಮ್ಮನೆ ಕುಳಿತು ಕೇಳುವವರೂ ಬರಲಿ. ಆ ಎರಡು ಗಂಟೆ ಅವರ ಹೆಂಡತಿಗೋ ಮಗನಿಗೋ ಬಿಡುವಾಗಲಿ. ಅವರೂ ದಣಿದಿದ್ದಾರೆ.

ಹಿಂದೆ ಹೋಟೆಲಿನ ಹುಡುಗರು ಹಗಲು ಲೋಟ ತೊಳೆದು ರಾತ್ರಿ ಶಾಲೆಗೆ ಹೊರಟಾಗಲೂ, ಲೋಟ ತೊಳೆಯುವವನಿಗೆ ಅಕ್ಷರ ಯಾಕೆ ಎಂದು ನಕ್ಕವರಿದ್ದರು. ಅಂದು ನಮ್ಮ ಹಿರಿಯರು ಆ ನಗೆಗೆ ಬೆಲೆ ಕೊಟ್ಟಿದ್ದರೆ ಈ ಪತ್ರಿಕೆಯನ್ನು ಓದುವವರೂ ಇರುತ್ತಿರಲಿಲ್ಲ, ಬರೆಯುವವರೂ ಇರುತ್ತಿರಲಿಲ್ಲ.

ಮುಂದಿನ ಸಭೆಯಲ್ಲಿ ಈ ಸೂಚನೆ ಮತಕ್ಕೆ ಬರಲಿದೆ. ಸದಸ್ಯರೆಲ್ಲರೂ ಕೈ ಎತ್ತಿ ಅದನ್ನು ಗೆಲ್ಲಿಸಬೇಕೆಂದು ಕೇಳಿಕೊಳ್ಳುತ್ತೇವೆ. ಭಟ್ಟರೂ ಸಭೆಗೆ ಬರುತ್ತಾರೆ. ಅವರು ಎತ್ತುವುದು ಎಡಗೈಯನ್ನು; ಎಣಿಸುವವರು ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ.